ನಂತೂರಿನ ಹೊಗೆ, ಘಟ್ಟದ ಬುಡದ ಓಝೋನ್

ಫೆಬ್ರವರಿಯ ಒಂದು ಮಧ್ಯಾಹ್ನ ಗೆಳೆಯನಿಂದ ಸ್ಕ್ರೀನ್‌ಶಾಟ್ ಬಂತು. ಅವನು ರಿಟೈರ್ ಆದ ಮೇಷ್ಟ್ರು, ಮನೆ ಮಂಗಳೂರಿನ ಕದ್ರಿಯಲ್ಲಿ. ದಿನಾ ನಾಲ್ಕು ಗಂಟೆಗೆ ಪಾರ್ಕಿನಲ್ಲಿ ವಾಕಿಂಗ್. ಹೊರಡುವ ಮೊದಲು ಫೋನಿನಲ್ಲಿ ಗಾಳಿ ಹೇಗಿದೆ ಎಂದು ನೋಡುವುದು ಹೊಸ ಅಭ್ಯಾಸ. ಅವತ್ತು ಆ್ಯಪ್ 'ಮುಖ್ಯ ಮಾಲಿನ್ಯ: ಓಝೋನ್' ಎಂದು ತೋರಿಸಿತ್ತು. ಕೆಳಗೆ ಅವನ ಪ್ರಶ್ನೆ: "ಇದೆಂಥದು ಮಾರಾಯ? ಓಝೋನ್ ಮೇಲೆ ಇರುವುದಲ್ವಾ? ಅದು ಕಡಿಮೆ ಆಗ್ತಾ ಉಂಟು ಅಂತ ನಾನೇ ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಈಗ ಇಲ್ಲಿ ಕದ್ರಿಯಲ್ಲಿ ಜಾಸ್ತಿ ಆಯ್ತಾ?"

ಮೇಷ್ಟ್ರ ಪಾಠ ತಪ್ಪಲ್ಲ. ಅರ್ಧ ಮಾತ್ರ ಇತ್ತು. ವಾತಾವರಣದ ಓಝೋನಿನಲ್ಲಿ ಸುಮಾರು ಶೇಕಡಾ 90 ಇರುವುದು ಬಹಳ ಮೇಲೆ, ವಿಮಾನಗಳು ಹಾರುವ ಎತ್ತರಕ್ಕಿಂತಲೂ ಆಚೆ. ಅಲ್ಲಿ ಅದು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ಕೊಡೆ. ಉಳಿದ ಶೇಕಡಾ 10 ನಾವು ಉಸಿರಾಡುವ ಕೆಳಗಿನ ಪದರದಲ್ಲಿದೆ. ಅಣು ಅದೇ, ಜಾಗ ಬೇರೆ. ಕೆಳಗೆ ಅದು ಗಂಟಲು ಕೆರೆಯುತ್ತದೆ, ಅಸ್ತಮಾ ಇರುವವರಿಗೆ ಉಬ್ಬಸ ಹೆಚ್ಚಿಸುತ್ತದೆ, ಎಲೆಗಳನ್ನು ಒಳಗಿನಿಂದ ಸುಡುತ್ತದೆ. ಅನಿಲವಾದ್ದರಿಂದ ಮಾಮೂಲಿ ಮಾಸ್ಕ್ ಇದನ್ನು ತಡೆಯುವುದಿಲ್ಲ.

ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಕೆಳಗಿನ ಓಝೋನನ್ನು ಯಾವ ಚಿಮಣಿಯೂ ಉಗುಳುವುದಿಲ್ಲ. ಯಾವ ಸೈಲೆನ್ಸರ್ ಪೈಪಿಗೆ ಮೀಟರ್ ಹಿಡಿದರೂ ಸಿಗುವುದಿಲ್ಲ. ಬೇರೆ ಹೊಗೆಗಳು ಬಿಸಿಲಿನಲ್ಲಿ ಬೆಂದು ಇದು ಹುಟ್ಟುತ್ತದೆ. ಹಾಗಾಗಿ ಇದಕ್ಕೆ ಹೊಣೆ ಯಾರು ಎಂದು ಬೆರಳು ತೋರಿಸುವುದು ಕಷ್ಟ. ಆದರೆ ಪಾತ್ರೆಗೆ ಏನೇನು ಬಿದ್ದಿದೆ ಎಂದು ಹೇಳಬಹುದು. ಅದರಲ್ಲಿ ಮುಖ್ಯವಾದದ್ದು ನೈಟ್ರೋಜನ್ ಆಕ್ಸೈಡ್.

ಗಾಳಿಯಲ್ಲಿ ಶೇಕಡಾ 78 ಸಾರಜನಕ, 21 ಆಮ್ಲಜನಕ. ಎರಡೂ ಯುಗಯುಗಗಳಿಂದ ಒಟ್ಟಿಗೆ ಇವೆ, ಪರಸ್ಪರ ಮಾತಿಲ್ಲ ಕತೆಯಿಲ್ಲ. ಅವುಗಳನ್ನು ಸೇರಿಸಲು ವಿಪರೀತ ಶಾಖ ಬೇಕು, ಸುಮಾರು 1500 ಡಿಗ್ರಿಗಿಂತ ಜಾಸ್ತಿ. ಎಂಜಿನ್ನಿನ ಒಳಗೆ, ಬಾಯ್ಲರಿನ ಬೆಂಕಿಯಲ್ಲಿ ಅಷ್ಟು ಶಾಖ ಇರುತ್ತದೆ. ಅಂದರೆ ಡೀಸೆಲ್ ಎಷ್ಟೇ ಶುದ್ಧವಾಗಿರಲಿ, ಗಾಳಿಯೇ ಸುಟ್ಟು ಈ ಅನಿಲ ಬರುತ್ತದೆ. ಕಲ್ಲಿದ್ದಲಿನಲ್ಲಾದರೆ ಅದರೊಳಗೇ ಇರುವ ಸಾರಜನಕವೂ ಸೇರುತ್ತದೆ. ಮೇ ಕೊನೆಗೆ, ಪತ್ತನಾಜೆ ಹೊತ್ತಿಗೆ ಬರುವ ಸಿಡಿಲೂ ಇದೇ ಕೆಲಸ ಮಾಡುತ್ತದೆ, ಮಣ್ಣಿನ ಬ್ಯಾಕ್ಟೀರಿಯಾಗಳೂ ಸ್ವಲ್ಪ ಬಿಡುತ್ತವೆ. ಆದರೆ ಇಡೀ ಜಗತ್ತಿನ ಲೆಕ್ಕ ಹಾಕಿದರೆ ಈಗ ಮನುಷ್ಯನ ಪಾಲೇ ಜಾಸ್ತಿ.

ಇದರಲ್ಲಿ ಎರಡು ಬಗೆ. ಆಮ್ಲಜನಕದ ಒಂದು ಪರಮಾಣು ಇದ್ದರೆ ನೈಟ್ರಿಕ್ ಆಕ್ಸೈಡ್, ಎರಡಿದ್ದರೆ ನೈಟ್ರೋಜನ್ ಡೈಆಕ್ಸೈಡ್. ಎರಡನ್ನೂ ಸೇರಿಸಿ ನಾಕ್ಸ್ ಎನ್ನುತ್ತಾರೆ. ಮೇಷ್ಟ್ರಿಗೆ ನಾನು ಇದನ್ನು ಬಸ್ಸಿನ ಲೆಕ್ಕದಲ್ಲಿ ಹೇಳಿದೆ. ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್‌ಗೆ ಟ್ರಿಪ್ ಹೊಡೆಯುವ ಸಿಟಿ ಬಸ್ಸು ಅಂದುಕೊಳ್ಳಿ. ನೈಟ್ರಿಕ್ ಆಕ್ಸೈಡ್ ಖಾಲಿ ಬಸ್ಸು. ಡೈಆಕ್ಸೈಡ್ ಒಬ್ಬ ಪ್ರಯಾಣಿಕ ಹತ್ತಿದ ಬಸ್ಸು. ಆ ಪ್ರಯಾಣಿಕ ಆಮ್ಲಜನಕದ ಒಂದು ಪರಮಾಣು. ಬಿಸಿಲು ಬಿದ್ದ ಕೂಡಲೇ ಅವನು ಇಳಿಯುತ್ತಾನೆ. ಒಂಟಿಯಾಗಿ ನಿಲ್ಲುವ ಜಾಯಮಾನ ಅವನದಲ್ಲ. ಪಕ್ಕದಲ್ಲೇ ಇರುವ ಮಾಮೂಲಿ ಆಮ್ಲಜನಕದ ಜೋಡಿಗೆ ಅಂಟಿಕೊಳ್ಳುತ್ತಾನೆ. ಮೂವರಾದರು. ಅದೇ ಓಝೋನ್.

ಆದರೆ ಖಾಲಿಯಾದ ಬಸ್ಸು ಸುಮ್ನೆ ಹೋಗುವುದಿಲ್ಲ. ದಾರಿಯಲ್ಲಿ ಸಿಕ್ಕ ಓಝೋನಿನಿಂದಲೇ ಒಬ್ಬನನ್ನು ಹತ್ತಿಸಿಕೊಳ್ಳುತ್ತದೆ. ಒಂದು ಹುಟ್ಟಿತು, ಒಂದು ಹೋಯಿತು. ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಬರುವುದು ಬಸ್ಸಿಗೆ ಬೇರೆ ಕಡೆಯಿಂದ ಪ್ರಯಾಣಿಕರು ಸಿಕ್ಕಾಗ. ಪೆಟ್ರೋಲ್ ಬಂಕಿನಲ್ಲಿ ಮೂಗಿಗೆ ಬಡಿಯುವ ವಾಸನೆ ಗೊತ್ತಲ್ಲ? ಹೊಸ ಪೇಂಟಿನ ವಾಸನೆ, ಥಿನ್ನರ್ ವಾಸನೆ? ಸುಲಭವಾಗಿ ಆವಿಯಾಗುವ ಇಂಥ ಇಂಗಾಲದ ಅನಿಲಗಳನ್ನು ಒಟ್ಟಾಗಿ ವಿಓಸಿ ಎನ್ನುತ್ತಾರೆ. ಗಾಳಿಯಲ್ಲಿ ಹೈಡ್ರಾಕ್ಸಿಲ್ ಎಂಬ ಚುರುಕು ಕಣ ಇದೆ. ಅದನ್ನು ಕಂಡಕ್ಟರ್ ಅನ್ನಿ. ಅದು ವಿಓಸಿಗಳನ್ನು ಹಿಡಿದು, ಒಡೆದು, ಅವುಗಳಿಂದ ಆಮ್ಲಜನಕದ ಪ್ರಯಾಣಿಕರನ್ನು ತಯಾರು ಮಾಡಿ ಬಸ್ಸಿಗೆ ಹತ್ತಿಸುತ್ತದೆ. ಈಗ ಬಸ್ಸಿಗೆ ಓಝೋನನ್ನು ಒಡೆಯುವ ಅಗತ್ಯವೇ ಇಲ್ಲ. ಪ್ರತಿ ಟ್ರಿಪ್ಪಿಗೂ ಹೊಸ ಓಝೋನ್ ಉಳಿಯುತ್ತದೆ. ಒಂದು ಬಸ್ಸು ಒಂದೇ ಟ್ರಿಪ್ಪಿಗೆ ಮುಗಿಯುವುದೂ ಇಲ್ಲ. ಮತ್ತೆ ಮತ್ತೆ ಹೋಗಿ ಬರುತ್ತದೆ. ಕೊನೆಗೆ ಒಂದು ದಿನ ಗುಜರಿ: ನೈಟ್ರಿಕ್ ಆಮ್ಲವಾಗಿ ಮಳೆಯಲ್ಲಿ ಇಳಿದು ಹೋಗುತ್ತದೆ.

ಈ ರಹಸ್ಯ ಬಿಡಿಸಿದ್ದು ಅನಾನಸಿನ ಪರಿಮಳದ ಬಗ್ಗೆ ಕೆಲಸ ಮಾಡುತ್ತಿದ್ದ ಒಬ್ಬ ರಸಾಯನ ವಿಜ್ಞಾನಿ, ಹಾಲೆಂಡಿನಲ್ಲಿ ಹುಟ್ಟಿದ ಏರಿ ಹಾಗನ್‌ಸ್ಮಿತ್. 1950ರ ಸುಮಾರಿಗೆ ಲಾಸ್ ಏಂಜಲೀಸಿನಲ್ಲಿ ಕಣ್ಣು ಉರಿಸುವ ಕಂದು ಮಬ್ಬು ಕವಿಯುತ್ತಿತ್ತು. ಅದರ ಮೂಲ ಕಾರಿನ ಹೊಗೆ ಮತ್ತು ಎಣ್ಣೆ ಶುದ್ಧೀಕರಣ ಘಟಕಗಳ ಆವಿ, ಬಿಸಿಲಿನಲ್ಲಿ ಅವೆರಡೂ ಸೇರಿ ಓಝೋನ್ ಆಗುತ್ತಿದೆ ಎಂದು ಅವರು ತೋರಿಸಿದರು. ಆಗ ಓಝೋನ್ ಅಳೆಯಲು ರಬ್ಬರ್ ಪಟ್ಟಿ ಸಾಕಿತ್ತಂತೆ. ಅದನ್ನು ಬಗ್ಗಿಸಿ ಗಾಳಿಗೆ ಇಟ್ಟರೆ ಎಷ್ಟು ಬೇಗ ಬಿರುಕು ಬಿಡುತ್ತದೆ ಎಂದು ನೋಡುವುದು.

ಲಾಸ್ ಏಂಜಲೀಸಿನ ಚಿತ್ರವನ್ನು ಸ್ವಲ್ಪ ನೋಡಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಬೆಟ್ಟ, ನಡುವೆ ಊರು, ಬಂದರು, ರಿಫೈನರಿ, ತುಂಬ ಗಾಡಿಗಳು, ತುಂಬ ಬಿಸಿಲು. ಎಲ್ಲೋ ನೋಡಿದ ಹಾಗಿದೆ ಅಲ್ವಾ? ಪಣಂಬೂರಿನಲ್ಲಿ ಬಂದರು ಮತ್ತು ಗೊಬ್ಬರದ ಕಾರ್ಖಾನೆ, ಒಳಗಡೆ ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ ಎಂಆರ್‌ಪಿಎಲ್ ರಿಫೈನರಿ, ಉತ್ತರಕ್ಕೆ ಪಡುಬಿದ್ರಿ ಬಳಿ ಎಲ್ಲೂರಿನಲ್ಲಿ 1200 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ, ಇವೆಲ್ಲವನ್ನೂ ಹೊಲಿಯುವ ದಾರದ ಹಾಗೆ ಹೆದ್ದಾರಿ 66. ನಮ್ಮ ಊರು ಲಾಸ್ ಏಂಜಲೀಸ್ ಅಲ್ಲ, ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಅವರ ಬೆಟ್ಟಗಳ ಮೇಲೆ ಬಿಸಿ ಗಾಳಿಯ ಮುಚ್ಚಳ ಬಿದ್ದು ಹೊಗೆ ಅಲ್ಲೇ ಕೂರುತ್ತದೆ. ನಮ್ಮಲ್ಲಿ ಅಷ್ಟು ಗಟ್ಟಿ ಮುಚ್ಚಳ ಇಲ್ಲ. ಆದರೆ ಅಡುಗೆಯ ಸಾಮಾನು ಅದೇ.

ಈಗ ಕದ್ರಿಯಿಂದ ಸ್ವಲ್ಪ ದೂರದ ನಂತೂರು ಸರ್ಕಲ್ಲಿಗೆ ಬನ್ನಿ. ಎರಡು ಹೆದ್ದಾರಿ ಸೇರುವ ಜಾಗ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಲಾರಿ, ಬಸ್ಸು, ಟ್ಯಾಂಕರ್ ಉಸಿರು ಕಟ್ಟಿ ನಿಂತಿರುತ್ತವೆ. ಓಝೋನ್ ಅಲ್ಲೇ ಎಲ್ಲಕ್ಕಿಂತ ಜಾಸ್ತಿ ಇರಬೇಕು ಅನಿಸುತ್ತದೆ. ಆಗುವುದು ತಿರುಗುಮುರುಗು. ಎಂಜಿನ್ನಿನಿಂದ ಹೊರಬರುವ ನಾಕ್ಸ್ ಹೆಚ್ಚಿನದು ಖಾಲಿ ಬಸ್ಸು. ಹೊರಗೆ ಬಂದ ಕೂಡಲೇ ಸುತ್ತ ಇರುವ ಓಝೋನನ್ನು ಒಡೆದು ಪ್ರಯಾಣಿಕನನ್ನು ಹತ್ತಿಸಿಕೊಳ್ಳುತ್ತದೆ. ಹಾಗಾಗಿ ದಟ್ಟ ಟ್ರಾಫಿಕ್ಕಿನ ಪಕ್ಕದಲ್ಲಿ ಓಝೋನ್ ಕಡಿಮೆ. ರಾತ್ರಿಯಂತೂ ಬಿಸಿಲಿಲ್ಲ, ಹೊಸದು ಹುಟ್ಟುವುದಿಲ್ಲ, ಪೇಟೆಯಲ್ಲಿ ಇದ್ದದ್ದೂ ಖರ್ಚಾಗುತ್ತದೆ.

ಬಸ್ಸು ಅತಿಯಾದರೆ ಇನ್ನೊಂದು ಸಂಗತಿ ನಡೆಯುತ್ತದೆ. ನಮ್ಮ ಸಿಟಿ ಬಸ್ಸುಗಳ ಟೈಮಿಂಗ್ ಜಗಳ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಂಡಕ್ಟರುಗಳು ಜನ ಹತ್ತಿಸುವುದು ಬಿಟ್ಟು ಬಸ್ಸಿನ ಜೊತೆಗೇ ಸಿಕ್ಕಿಕೊಳ್ಳುತ್ತಾರೆ. ಹೈಡ್ರಾಕ್ಸಿಲ್ ವಿಓಸಿಯನ್ನು ಹಿಡಿಯುವ ಬದಲು ಡೈಆಕ್ಸೈಡಿಗೆ ಅಂಟಿಕೊಂಡು ನೈಟ್ರಿಕ್ ಆಮ್ಲವಾಗಿ ಮುಗಿದುಹೋಗುತ್ತದೆ. ಓಝೋನ್ ತಯಾರಿ ಕುಂಟುತ್ತದೆ. ಇಂಥ ಕಡೆ ನಾಕ್ಸ್ ಸ್ವಲ್ಪ ಕಡಿಮೆ ಮಾಡಿದರೆ ಓಝೋನ್ ಇಳಿಯುವ ಬದಲು ಏರುತ್ತದೆ! 2020ರ ಲಾಕ್‌ಡೌನ್ ಇದನ್ನು ಜಗತ್ತಿಗೇ ತೋರಿಸಿತು. ರಸ್ತೆ ಖಾಲಿಯಾಯಿತು, ನೈಟ್ರೋಜನ್ ಡೈಆಕ್ಸೈಡ್ ದಬಕ್ಕನೆ ಇಳಿಯಿತು. ಆದರೆ ಚೀನಾದ ವುಹಾನ್, ಇಟಲಿಯ ಟ್ಯೂರಿನ್‌ನಂಥ ನಗರಗಳ ಒಳಗೆ ಓಝೋನ್ ಏರಿತು. ಲಾಸ್ ಏಂಜಲೀಸಿನವರಿಗೆ ಇದು ಹಳೆಯ ಕತೆ. ಲಾರಿಗಳು ಕಡಿಮೆ ಇರುವ ಶನಿವಾರ, ಭಾನುವಾರವೇ ಅಲ್ಲಿ ಓಝೋನ್ ಜಾಸ್ತಿ ಇರುತ್ತಿತ್ತು.

ಹಾಗಾದರೆ ಗಾಡಿಯ ಹೊಗೆ ಒಳ್ಳೆಯದಾ? ಹೀಗೆ ವಾದ ಮಾಡುವವರೂ ಇದ್ದಾರೆ. ಅವರು ನಂತೂರಿನಲ್ಲೇ ನಿಂತು ಮಾತಾಡುತ್ತಾರೆ. ಗಾಳಿ ಅಲ್ಲಿ ನಿಲ್ಲುವುದಿಲ್ಲ.

ಕರಾವಳಿಯಲ್ಲಿ ಗಾಳಿಗೆ ದಿನಚರಿ ಇದೆ. ದೋಣಿಯವರಿಗೆ ಇದು ತಲೆತಲಾಂತರದಿಂದ ಗೊತ್ತು. ಬೇಸಗೆ, ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ. ಹೊತ್ತು ಏರಿ ನೆಲ ಕಾದ ಮೇಲೆ ಕಡಲಿನಿಂದ ನೆಲಕ್ಕೆ. ಅಂದರೆ ಬೆಳಗಿನ ಟ್ರಾಫಿಕ್ಕಿನ ಹೊಗೆ ಮೊದಲು ಕಡಲ ಮೇಲೆ ಹೋಗಿ ನೀರಿನ ಮೇಲಿನ ಬಿಸಿಲಿನಲ್ಲಿ ಬೇಯುತ್ತದೆ. ಮಧ್ಯಾಹ್ನ ಕಡಲ ಗಾಳಿ ಅದನ್ನೇ ವಾಪಸ್ ತರುತ್ತದೆ, ದಾರಿಯಲ್ಲಿ ಊರಿನ ಹೊಸ ಹೊಗೆಯನ್ನೂ ಸೇರಿಸಿಕೊಂಡು ಪೂರ್ವಕ್ಕೆ ತಳ್ಳುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗ ಎಂದರೂ ನಾಲ್ಕು ಗಂಟೆಯಲ್ಲಿ 60 ಕಿಲೋಮೀಟರ್. ಅಷ್ಟರಲ್ಲಿ ಕಾರ್ಕಳ, ಬೆಳ್ತಂಗಡಿ, ಘಟ್ಟದ ಬುಡ. ಆ ಹೊತ್ತಿಗೆ ಬಸ್ಸುಗಳ ನೂಕುನುಗ್ಗಲು ಮುಗಿದಿದೆ. ನಾಕ್ಸ್ ಹರಡಿ ತೆಳುವಾಗಿದೆ, ಒಂದೊಂದು ಬಸ್ಸೂ ನೆಮ್ಮದಿಯಾಗಿ ಹತ್ತಾರು ಟ್ರಿಪ್ ಹೊಡೆಯುತ್ತದೆ. ನಂತೂರಿನಲ್ಲಿ ಓಝೋನನ್ನು ತಿಂದ ಅದೇ ಹೊಗೆ ಇಲ್ಲಿ ತಿಂದದ್ದಕ್ಕಿಂತ ಜಾಸ್ತಿ ಕಕ್ಕುತ್ತದೆ. ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಯ ಹೊಗೆಯದ್ದೂ ಇದೇ ಸ್ವಭಾವ: ಹತ್ತಿರದಲ್ಲಿ ಕಡಿತ, ದೂರದಲ್ಲಿ ಉತ್ಪತ್ತಿ.

ಘಟ್ಟದ ಕಡೆ ಇನ್ನೊಬ್ಬರು ಕಾದು ಕುಳಿತಿರುತ್ತಾರೆ, ಮರಗಳು. ಬಿಸಿ ಏರಿದಾಗ ಅನೇಕ ಮರಗಳು ಎಲೆಗಳಿಂದ ಐಸೊಪ್ರೀನ್ ಎಂಬ ಅನಿಲ ಬಿಡುತ್ತವೆ. ರಬ್ಬರ್ ಮರ ಅದರ ಹತ್ತಿರದ ಸಂಬಂಧಿ ಅನಿಲಗಳನ್ನು ಬಿಡುತ್ತದೆ. ಇವೂ ವಿಓಸಿಗಳೇ, ಪೆಟ್ರೋಲ್ ಆವಿಗಿಂತ ಚುರುಕು. ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ಒಮ್ಮೆ ಕಾರಿಗಿಂತ ಮರಗಳೇ ಜಾಸ್ತಿ ಮಾಲಿನ್ಯ ಮಾಡುತ್ತವೆ ಎಂದು ಹೇಳಿ ನಗೆಪಾಟಲಾದರು. ಪಾಪ, ಅವರ ಮಾತಿನಲ್ಲಿ ಕಾಲು ಭಾಗ ಸತ್ಯ ಇತ್ತು. ಬಿಟ್ಟುಹೋದ ಮುಕ್ಕಾಲು ಭಾಗ ಇದು: ನಾಕ್ಸ್ ಇಲ್ಲದಿದ್ದರೆ ಮರಗಳ ಆವಿಯಿಂದ ಓಝೋನ್ ಆಗುವುದಿಲ್ಲ. ಪ್ರಯಾಣಿಕರು ಎಷ್ಟೇ ಇರಲಿ, ಬಸ್ಸು ಬರಬೇಕಲ್ಲ.

ನನಗೆ ನಮ್ಮ ಜಿಲ್ಲೆಗಳ ಮಟ್ಟಿಗೆ ಮುಖ್ಯ ಅನಿಸುವುದು ಇದೇ. ಸುತ್ತ ಇಷ್ಟು ಹಸಿರು ಇರುವ ಕಡೆ ವಿಓಸಿಗೆ ಬರಗಾಲವಿಲ್ಲ. ಕಾಡನ್ನು ಕಡಿಯಲಾಗದು, ಕಡಿಯಲೂಬಾರದು. ಕೈಗೆ ಸಿಗುವ ಹಿಡಿ ಒಂದೇ, ನಾಕ್ಸ್. ಪೇಟೆಯ ನಡುವೆ ಮೊದಲಿಗೆ ಓಝೋನ್ ಕೊಂಚ ಏರಿದರೂ ಪೇಟೆ ದಾಟಿದ ಇಡೀ ಪ್ರದೇಶದಲ್ಲಿ ಅದು ಇಳಿಯಬೇಕಾದರೆ ನಾಕ್ಸ್ ಇಳಿಯಲೇಬೇಕು. ಪೇಟೆಯೊಳಗಿನ ಏರಿಕೆ ತಡೆಯಲು ಜೊತೆಗೇ ಪೆಟ್ರೋಲ್ ಆವಿ, ದ್ರಾವಕಗಳ ಆವಿಯನ್ನೂ ಹಿಡಿಯಬೇಕು. ಒಂದನ್ನೇ ಹಿಡಿದು ಇನ್ನೊಂದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚೀನಾ ಇದೆ. ಅಲ್ಲಿ 2013ರ ನಂತರ ದೂಳು ಮತ್ತು ನಾಕ್ಸ್ ಇಳಿದವು, ವಿಓಸಿ ಹಾಗೇ ಉಳಿಯಿತು. ದೊಡ್ಡ ನಗರಗಳ ಬೇಸಗೆಯ ಓಝೋನ್ ಏರುತ್ತಲೇ ಹೋಯಿತು.

ಮಳೆಗಾಲದ ಕತೆ ಪೂರ್ತಿ ಬೇರೆ. ಜೂನ್ ಬಂದರೆ ಓಝೋನ್ ವರ್ಷದಲ್ಲೇ ಕನಿಷ್ಠಕ್ಕೆ ಇಳಿಯುತ್ತದೆ. ಮೋಡ ಕವಿದರೆ ಬಿಸಿಲಿಲ್ಲ, ಇದು ಎಲ್ಲರಿಗೂ ಹೊಳೆಯುತ್ತದೆ. ಮಳೆ ತೊಳೆಯುತ್ತದೆ ಎಂದೂ ಹೇಳುತ್ತಾರೆ. ಆದರೆ ಓಝೋನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ತೊಳೆದು ಹೋಗುವುದು ನಾಕ್ಸಿನಿಂದಾದ ಆಮ್ಲ. ಇನ್ನೂ ಸ್ವಾರಸ್ಯದ ಕಾರಣ ಅರಬ್ಬೀ ಸಮುದ್ರದಿಂದ ಬರುವ ಗಾಳಿಯೇ. ಅದರಲ್ಲಿ ನಾಕ್ಸ್ ಬಹಳ ಕಡಿಮೆ, ನೀರಿನ ಆವಿ ವಿಪರೀತ. ಅಂಥ ಗಾಳಿಯಲ್ಲಿ ಮೋಡದ ಸಂದಿನಿಂದ ಬೀಳುವ ಬಿಸಿಲು ಓಝೋನನ್ನು ಒಡೆಯುತ್ತದೆ, ಒಡೆದ ಚೂರು ನೀರಿನ ಆವಿಯೊಂದಿಗೆ ಸೇರಿ ಹೈಡ್ರಾಕ್ಸಿಲ್ ಆಗುತ್ತದೆ, ಓಝೋನ್ ಮತ್ತೆ ಹುಟ್ಟುವುದಿಲ್ಲ. ನಾಕ್ಸ್ ಇದ್ದರೆ ಓಝೋನ್ ಕಾರ್ಖಾನೆ, ಇಲ್ಲದಿದ್ದರೆ ಅದೇ ಬಿಸಿಲು, ಅದೇ ಆವಿ ಸೇರಿ ಓಝೋನಿನ ಸ್ಮಶಾನ.

ಇದಕ್ಕೇ ಕಡಲಿನ ಹಡಗುಗಳ ಬಗ್ಗೆ ಯೋಚಿಸಬೇಕು. ಶ್ರೀಲಂಕಾದಿಂದ ಇಂಡೋನೇಷ್ಯಾ ಕಡೆಗೆ ಹೋಗುವ ಹಡಗಿನ ದಾರಿ ಉಪಗ್ರಹದ ನೈಟ್ರೋಜನ್ ಡೈಆಕ್ಸೈಡ್ ಚಿತ್ರದಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ನಾಕ್ಸ್ ಇಲ್ಲದ ಶುದ್ಧ ಗಾಳಿಗೆ ಸ್ವಲ್ಪ ನಾಕ್ಸ್ ಬಿದ್ದರೂ ಅದರ ಕೈ ಉದ್ದ. ಹಡಗಿನ ಎಂಜಿನ್ನುಗಳಿಗೆ ಅಂತರರಾಷ್ಟ್ರೀಯ ನಿಯಮ ಇದೆ, ಆದರೆ ಅದರ ಅತಿ ಬಿಗಿಯಾದ ಹಂತ ಅಮೆರಿಕ, ಉತ್ತರ ಯುರೋಪಿನ ಸುತ್ತ ಗುರುತು ಮಾಡಿದ ಕಡಲಿನಲ್ಲಿ ಮಾತ್ರ. ನಮ್ಮ ಕಡಲು ಆ ಪಟ್ಟಿಯಲ್ಲಿಲ್ಲ. ಮಲ್ಪೆ ಬಂದರು, ಮಂಗಳೂರಿನ ದಕ್ಕೆಯ ಟ್ರಾಲ್ ಬೋಟುಗಳಿಗೆ ರಸ್ತೆಯ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ತಾಗುವುದಿಲ್ಲ. ಜೂನ್, ಜುಲೈಯ 61 ದಿನ ಮೀನುಗಾರಿಕೆ ನಿಷೇಧ ಇರುವುದರಿಂದ ಅವು ದಡ ಸೇರುತ್ತವೆ, ಆದರೆ ಅದು ಹೇಗೂ ಗಾಳಿ ಶುದ್ಧ ಇರುವ ಕಾಲ.

ನೆಲದ ಮೇಲೆ ನಿಯಮಗಳು ಬಿಗಿಯಾಗಿವೆ, ಕನಿಷ್ಠ ಕಾಗದದಲ್ಲಿ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6. ಡೀಸೆಲ್ ಕಾರು ಕಿಲೋಮೀಟರಿಗೆ 250 ಮಿಲಿಗ್ರಾಂ ನಾಕ್ಸ್ ಬಿಡಬಹುದಾಗಿದ್ದದ್ದು 80ಕ್ಕೆ ಇಳಿಯಿತು. ಹೊಸ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಜೊತೆ ಯೂರಿಯಾ ದ್ರಾವಣದ ಇನ್ನೊಂದು ಟ್ಯಾಂಕು ಬಂತು. ಗದ್ದೆಗೆ ಹಾಕುವ ಅದೇ ಯೂರಿಯಾ, ಶುದ್ಧ ಮಾಡಿ, ದ್ರಾವಣದಲ್ಲಿ ಶೇಕಡಾ 32.5 ಯೂರಿಯಾ ಇರುವಂತೆ ನೀರಿನಲ್ಲಿ ಕರಗಿಸಿದ್ದು. ಬಿಸಿ ಹೊಗೆಗೆ ಅದನ್ನು ಚಿಮುಕಿಸಿದರೆ ನಾಕ್ಸ್ ಮತ್ತೆ ಸಾರಜನಕ ಮತ್ತು ನೀರಾಗುತ್ತದೆ. ಚೆನ್ನಾದ ಉಪಾಯ. ಆದರೆ ದ್ರಾವಣಕ್ಕೆ ದುಡ್ಡು ಬೇಕು. ಅದನ್ನು ಉಳಿಸಲು ಸೆನ್ಸರಿಗೆ ಮಂಕುಬೂದಿ ಎರಚುವ ಪೆಟ್ಟಿಗೆಗಳು ಮಾರುಕಟ್ಟೆಗೆ ಬರಲು ತಡವಾಗಲಿಲ್ಲ. ದೊಡ್ಡ ಕಂಪನಿಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಪರೀಕ್ಷೆಯ ಹೊತ್ತಿಗೆ ಮಾತ್ರ ನಾಕ್ಸ್ ಕಡಿಮೆ ತೋರಿಸುವ ಸಾಫ್ಟ್‌ವೇರ್ ಹಾಕಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು 2015ರಲ್ಲಿ. ಇನ್ನು ಕಲ್ಲಿದ್ದಲು ಸ್ಥಾವರಗಳು. ಎಲ್ಲೂರಿನಂತೆ 2004 ಮತ್ತು 2016ರ ನಡುವೆ ಶುರುವಾದವಕ್ಕೆ 2015ರ ಡಿಸೆಂಬರಿನಲ್ಲಿ ಸರಕಾರ ಘನಮೀಟರಿಗೆ 300 ಮಿಲಿಗ್ರಾಂ ನಾಕ್ಸ್ ಮಿತಿ ಹಾಕಿತು. 2020ರಲ್ಲಿ ಅದನ್ನು 450ಕ್ಕೆ ಸಡಿಲಿಸಿತು. ಗಾಡಿಯವರಿಗೆ ಬಿಗಿ ಮಾಡಿದ ವರ್ಷವೇ ಸ್ಥಾವರದವರಿಗೆ ಸಡಿಲ.

ಗದ್ದೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಘಟ್ಟದ ಬುಡದಲ್ಲಿ ಇರುವುದು ಗದ್ದೆ ತೋಟಗಳೇ. ಓಝೋನ್ ಎಲೆಯ ಸಣ್ಣ ರಂಧ್ರಗಳ ಮೂಲಕ ಒಳಗೆ ಹೋಗಿ ಹಸಿರನ್ನು ಬೇಗ ಮುದಿಯಾಗಿಸುತ್ತದೆ, ಕಾಳು ಜೊಳ್ಳಾಗುತ್ತದೆ. 2005ರಲ್ಲಿ ಇದರಿಂದ ದೇಶದಲ್ಲಿ ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಅಕ್ಕಿ ನಷ್ಟವಾಯಿತು ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2014ರಲ್ಲಿ ಲೆಕ್ಕ ಕೊಟ್ಟರು. ನಮ್ಮಲ್ಲಿ ಮಳೆಗಾಲದ ಏಣೆಲು ಬೆಳೆ ಬಹುಮಟ್ಟಿಗೆ ಬಚಾವು. ಆಗ ಗಾಳಿಯಲ್ಲಿ ಓಝೋನ್ ಬಹಳ ಕಡಿಮೆ. ಸಿಕ್ಕಿಬೀಳುವುದು ಸುಗ್ಗಿ ಮತ್ತು ಕೊಳಕೆ. ಬಿಸಿಲಿನ ತಿಂಗಳುಗಳಲ್ಲಿ ನೀರು ಕೊಟ್ಟು ಬೆಳೆಸುವ ಬೆಳೆ ಅವು. ನೀರಿರುವ ಗದ್ದೆಯಲ್ಲಿ ರಂಧ್ರಗಳು ತೆರೆದೇ ಇರುತ್ತವೆ. ಕೊಳಕೆ ಬೆಳೆಯುವವರು ಈಗ ಬೆರಳೆಣಿಕೆ, ಅದಕ್ಕೆ ಕಾರಣ ಬೇರೆ.

ಇಷ್ಟೆಲ್ಲ ಇದ್ದರೂ ಓಝೋನ್ ಸುದ್ದಿಯಾಗುವುದಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಗುರಿ ದೂಳಿನ ಕಣ, ಅಂದರೆ ಪಿಎಂ, ಮಾತ್ರ. ಕರ್ನಾಟಕದಿಂದ ಅದಕ್ಕೆ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಮಂಗಳೂರು ಇಲ್ಲ. ಗಾಳಿಯ ಸೂಚ್ಯಂಕದಲ್ಲಿ ಎಂಟು ಮಾಲಿನ್ಯಗಳ ಪೈಕಿ ಅತಿ ಕೆಟ್ಟದ್ದರ ಅಂಕವೇ ಊರಿನ ಅಂಕ. ದೂಳು ಜಾಸ್ತಿ ಇದ್ದ ದಿನ ಓಝೋನ್ ಅದರ ಹಿಂದೆ ಅಡಗುತ್ತದೆ. ನಮ್ಮ ದೇಶದ ಮಿತಿ ಎಂಟು ಗಂಟೆಯ ಸರಾಸರಿಗೆ ಘನಮೀಟರಿಗೆ 100 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯದ್ದೂ ಅಷ್ಟೇ, ಈ ವಿಷಯದಲ್ಲಿ ನಾವು ಅವರಿಗೆ ಸಮ. ಆದರೆ 2021ರಲ್ಲಿ ಆ ಸಂಸ್ಥೆ ಇನ್ನೊಂದು ಗೆರೆ ಎಳೆಯಿತು. ಓಝೋನ್ ಜಾಸ್ತಿ ಇರುವ ಆರು ತಿಂಗಳಲ್ಲಿ ದಿನದ ಗರಿಷ್ಠಗಳ ಸರಾಸರಿ 60 ದಾಟಬಾರದು. ಅಂಥ ಗೆರೆ ನಮ್ಮಲ್ಲಿ ಇಲ್ಲ.

ಕದ್ರಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ವಯಂಚಾಲಿತ ಕೇಂದ್ರ ಇದೆ. ಇರುವುದು ಒಳ್ಳೆಯದು. ಆದರೆ ಪೇಟೆಯ ನಡುವೆ ಇಟ್ಟ ಯಂತ್ರ ಓಝೋನನ್ನು ತಿನ್ನುವ ಜಾಗದಲ್ಲಿ ಓಝೋನ್ ಹುಡುಕುತ್ತದೆ. ದೂಳಿಗೆ ಆ ಜಾಗ ಸರಿ. ಓಝೋನಿಗೆ ಪೇಟೆಯಿಂದ 40-50 ಕಿಲೋಮೀಟರ್ ಪೂರ್ವಕ್ಕೆ, ಕಾರ್ಕಳದ ಆಚೆಯೋ ಉಜಿರೆಯ ಕಡೆಯೋ ಒಂದು ಬೇಕು, ಸಾಧ್ಯವಾದರೆ ಘಟ್ಟದ ಮೇಲೊಂದು. ಬೆಟ್ಟದ ಮೇಲೆ ರಾತ್ರಿ ಓಝೋನನ್ನು ತಿನ್ನಲು ಬಸ್ಸುಗಳೇ ಇರುವುದಿಲ್ಲ, ಹಾಗಾಗಿ ಅಲ್ಲಿ ಬೆಳಗಿನವರೆಗೂ ಅದು ಉಳಿಯುತ್ತದೆ. ಕದ್ರಿಯ ಅಂಕಿ ನೋಡಿ ಬೆಳ್ತಂಗಡಿಯ ಶ್ವಾಸಕೋಶದ ಬಗ್ಗೆ ತೀರ್ಮಾನ ಮಾಡಲಾಗದು.

ಇದೆಲ್ಲ ಕೇಳಿ ಮೇಷ್ಟ್ರು ಕೊನೆಗೆ ಕೇಳಿದ್ದು ಒಂದೇ ಮಾತು: "ಅದೆಲ್ಲ ಸರಿ ಮಾರಾಯ, ನಾನು ವಾಕಿಂಗ್ ಎಷ್ಟು ಗಂಟೆಗೆ ಹೋಗುವುದು?" ಓಝೋನ್ ಮಟ್ಟಿಗೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕೂವರೆ ಕೆಟ್ಟ ಹೊತ್ತು, ಬೆಳಿಗ್ಗೆ ಒಳ್ಳೆಯದು ಎಂದೆ. ಈಗ ಅವನು ಆರೂವರೆಗೆ ಹೋಗುತ್ತಾನೆ. ಮೊನ್ನೆ ಮತ್ತೊಂದು ಸ್ಕ್ರೀನ್‌ಶಾಟ್ ಬಂತು. ಮುಖ್ಯ ಮಾಲಿನ್ಯ: ಪಿಎಂ 2.5.